ಸ್ವಿಚ್ ಹಾಕಿದ ಮೇಲೆ ಕಾಯಿಸುವ ಕಂಪ್ಯೂಟರ್: ನನ್ನ ಟಿಪ್ಪಣಿ

ಶಿರಸಿಯ ನಮ್ಮ ಮನೆಯಲ್ಲೊಂದು ಹಳೆಯ ಕಂಪ್ಯೂಟರ್ ಇದೆ. ಅಪ್ಪ ಅಡಿಕೆ ರೇಟು ನೋಡೋಕೆ ಸ್ವಿಚ್ ಹಾಕಿ, ಚಾ ಕುಡಿದು, ಕೊಟ್ಟಿಗೆಗೆ ಹೋಗಿ ಬಂದರೂ ಪರದೆ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ವೈರಸ್ ಅಂದುಕೊಂಡಿದ್ದೆ. ಅಲ್ಲ.

ನಾವು ಸುಮ್ನೆ ನೆಕ್ಸ್ಟ್, ನೆಕ್ಸ್ಟ್ ಒತ್ತಿ ಹಾಕಿಕೊಂಡ ಎಷ್ಟೋ ಪ್ರೋಗ್ರಾಂಗಳು ಸ್ಟಾರ್ಟ್‌ಅಪ್ ಫೋಲ್ಡರ್‌ನಲ್ಲೋ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಟ್ಟುಕೊಳ್ಳುವ ಪಟ್ಟಿ) ರನ್ ಕೀಯಲ್ಲೋ ತಮ್ಮ ಹೆಸರು ಬರೆದಿಟ್ಟಿರುತ್ತವೆ. ಲಾಗಿನ್ ಆದ ಕೂಡಲೇ ಎಲ್ಲವೂ ಏಳುತ್ತವೆ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಓದುವ ಮುಳ್ಳು ಅತ್ತಿತ್ತ ಓಡಾಡಬೇಕು. ಊಟಕ್ಕೆ ನೂರು ಎಲೆ ಹಾಕಿ ಬಡಿಸೋಕೆ ಒಬ್ಬನೇ ನಿಂತ ಹಾಗೆ ಅದರ ಪಾಡು. ಚಿಪ್‌ನಲ್ಲೇ ಬರೆದಿಡುವ ಹೊಸ ಬಗೆಯ ಡಿಸ್ಕ್ ಎಸ್‌ಎಸ್‌ಡಿಯಲ್ಲಿ ಆ ಮುಳ್ಳೇ ಇಲ್ಲ, ಅದಕ್ಕೇ ಅಲ್ಲಿ ಇಷ್ಟು ಗೊತ್ತಾಗುವುದಿಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ (ಈಗ ಯಾವ ಪ್ರೋಗ್ರಾಂ ಓಡುತ್ತಿದೆ ಅಂತ ತೋರಿಸುವ ಕಿಟಕಿ) ಬರುತ್ತದೆ. ವಿಂಡೋಸ್ 10ರಲ್ಲಿ 'ಸ್ಟಾರ್ಟ್‌ಅಪ್', 11ರಲ್ಲಿ 'ಸ್ಟಾರ್ಟ್‌ಅಪ್ ಆ್ಯಪ್ಸ್' ಅನ್ನುವುದನ್ನು ತೆರೆಯಿರಿ. ವಿಂಡೋಸ್ 7 ಇದ್ದವರು ರನ್ ಬಾಕ್ಸಿನಲ್ಲಿ ಎಂಎಸ್‌ಕಾನ್ಫಿಗ್ (msconfig) ಅಂತ ಟೈಪ್ ಮಾಡಬೇಕು. 10, 11ರಲ್ಲಿ 'ಸ್ಟಾರ್ಟ್‌ಅಪ್ ಇಂಪ್ಯಾಕ್ಟ್' ಕಾಲಂ ನೋಡಿ: 'ಹೈ' ಅಂತಿದ್ದರೆ ಆ ಪ್ರೋಗ್ರಾಂ ಏಳುವಾಗಲೇ ಸಿಪಿಯುವಿನ (ಲೆಕ್ಕ ಮಾಡುವ ಮುಖ್ಯ ಚಿಪ್) 1 ಸೆಕೆಂಡಿಗಿಂತ ಜಾಸ್ತಿ ಹೊತ್ತು ತಿಂದಿದೆ, ಇಲ್ಲವೇ ಡಿಸ್ಕ್‌ನಲ್ಲಿ 3 ಎಂಬಿಗಿಂತ ಜಾಸ್ತಿ ಓದು-ಬರಹ ಮಾಡಿದೆ. ರೈಟ್ ಕ್ಲಿಕ್, ಡಿಸೇಬಲ್. ಪ್ರೋಗ್ರಾಂ ಅಳಿಸಿಹೋಗುವುದಿಲ್ಲ, ಬೇಕಾದಾಗ ತೆರೆದರೆ ಆಯ್ತು. ಆ್ಯಂಟಿವೈರಸ್, ಸೌಂಡ್, ಟಚ್‌ಪ್ಯಾಡಿನವನ್ನು ಮುಟ್ಟಬೇಡಿ. ಒಂದು ಸಲಕ್ಕೆ ಎರಡೋ ಮೂರೋ ಮಾತ್ರ ಆಫ್ ಮಾಡಿ ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಅಲ್ಲ: ಬೇಗ ಏಳಲೆಂದು ಇರುವ ಫಾಸ್ಟ್ ಸ್ಟಾರ್ಟ್‌ಅಪ್ ಸೆಟ್ಟಿಂಗ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ.

ಇನ್ನು 'ನಾಟ್ ರೆಸ್ಪಾಂಡಿಂಗ್'. ನನಗೆ ಇದರಲ್ಲೆಲ್ಲ ಇಷ್ಟವಾದದ್ದು ಇದೇ. ನಾವು ಒತ್ತುವ ಪ್ರತಿ ಕೀ, ಪ್ರತಿ ಕ್ಲಿಕ್ಕು ಆ ಪ್ರೋಗ್ರಾಂನ ಬಾಗಿಲಲ್ಲಿ ಸಾಲು ನಿಲ್ಲುತ್ತದೆ. 5 ಸೆಕೆಂಡು ಅದು ಸಾಲಿನ ಕಡೆ ತಿರುಗಿಯೂ ನೋಡದಿದ್ದರೆ ವಿಂಡೋಸ್ ಕಿಟಕಿಯನ್ನು ಮಸುಕು ಮಾಡಿ ಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬರೆಯುತ್ತದೆ. ಅಂದರೆ ಸತ್ತಿದೆ ಅಂತಲ್ಲ, ಒಳಗೆ ಯಾವುದೋ ದೊಡ್ಡ ಫೈಲ್ ಸೇವ್ ಆಗುತ್ತಿರಬಹುದು, ನಾವು ಸಿಟ್ಟಿನಿಂದ ಇನ್ನೂ ಹತ್ತು ಸಲ ಕ್ಲಿಕ್ಕಿಸಿದರೆ ಸಾಲು ಉದ್ದವಾಗುತ್ತದೆ ಅಷ್ಟೇ, ಅಲ್ವಾ? ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಸಿಪಿಯು, ಡಿಸ್ಕ್ ಅಂಕಿಗಳು ಏರಿಳಿಯುತ್ತಿದ್ದರೆ ಎರಡು ನಿಮಿಷ ಕಾಯಿರಿ. ಏನೂ ಅಲುಗಾಡದಿದ್ದರೆ 'ಎಂಡ್ ಟಾಸ್ಕ್', ಆದರೆ ಸೇವ್ ಮಾಡದ್ದು ಹೋಯ್ತು ಅಂತಲೇ ಲೆಕ್ಕ. ಅತ್ತಿಗೆಯ ಸ್ವಸಹಾಯ ಸಂಘದ ಒಂದು ತಿಂಗಳ ಜಮಾ-ಖರ್ಚು ನನ್ನ ಅವಸರಕ್ಕೆ ಹೀಗೇ ಹೋಗಿ, ಕೂತು ಮತ್ತೆ ಬರೆದುಕೊಟ್ಟಿದ್ದೇನೆ. ಪವರ್ ಬಟನ್ ಒತ್ತಿ ಹಿಡಿಯುವುದು ಕಟ್ಟಕಡೆಗೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟೇ ಆ ಕೆಲಸ ಮಾಡಿಬಿಡುತ್ತದೆ, ಅದು ಬೇರೆ ಮಾತು.

ಕಂಪ್ಯೂಟರ್ ಫಾಸ್ಟ್ ಮಾಡುತ್ತೇವೆ ಅನ್ನುವ ಕ್ಲೀನರ್‌ಗಳನ್ನು ಹಾಕಬೇಡಿ. ನಮ್ಮ ಮನೆಯ ಪಟ್ಟಿಯಲ್ಲಿ 'ಹೈ' ಅಂತಿದ್ದ ಮೊದಲ ಹೆಸರೇ ಅಂಥದ್ದೊಂದರದು. ಹಾಕಿದ್ದು ನಾನೇ. ಅಪ್ಪನಿಗೆ ಇನ್ನೂ ಹೇಳಿಲ್ಲ.