ಸಣ್ಣ ಚೀಸ್‌ಕೇಕಿಗೆ ದೊಡ್ಡ ಉರಿ

ಬಾಸ್ಕ್ ಚೀಸ್‌ಕೇಕ್ ಮೇಲೆ ಕಪ್ಪಗಿರುವುದು ಸೀದು ಹೋಗಿದ್ದಕ್ಕಲ್ಲ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಯಾರಿಗೆ ಕೊಟ್ಟರೂ ಮೊದಲು ಚಮಚದಲ್ಲಿ ಆ ಪದರವನ್ನು ಕೆರೆದು ಪಕ್ಕಕ್ಕಿಡುತ್ತಾರೆ, "ಕಪ್ಪಾಗಿದ್ದು ತಿಂದರೆ ಕ್ಯಾನ್ಸರ್" ಅಂತ ವಾಟ್ಸ್ಆಪ್‌ನಲ್ಲಿ ಬಂದಿದೆಯಂತೆ. ಆ ಭಯದ ಮೂಲ ಅಕ್ರಿಲಮೈಡ್ ಅನ್ನುವ ರಾಸಾಯನಿಕ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಅದನ್ನು ಕರಿದ, ಸುಟ್ಟ ತಿಂಡಿಗಳಲ್ಲಿ ಕಂಡರು. ಅದು ಮುಖ್ಯವಾಗಿ ಸಿಗುವುದು ಆಲೂಗಡ್ಡೆ ಚಿಪ್ಸ್, ಬ್ರೆಡ್, ಕಾಫಿಯಲ್ಲಿ. ಅದು ಹುಟ್ಟಲು ಬೇಕಾದ ಅಸ್ಪರಾಜಿನ್ ಎಂಬ ಅಮೈನೋ ಆಮ್ಲ ಹಾಲು, ಚೀಸಿನಲ್ಲಿ ಬಿಡಿಯಾಗಿ ಇರುವುದು ತೀರಾ ಕಡಿಮೆ. ಇದ್ದಿಲಿನಂತೆ ಪುಡಿಯಾಗಿ ಕಹಿಯಾಗಿದ್ದರೆ ಕೆರೆಯಿರಿ. ಗಾಢ ಕಂದು ಬಣ್ಣವಾದರೆ ದಯವಿಟ್ಟು ಬಿಡಿ, ರುಚಿಯೆಲ್ಲ ಅಲ್ಲೇ ಇರುವುದು.

ಈ ಕೇಕನ್ನು 1990ರ ಆಸುಪಾಸಿನಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ ಊರಿನ ಲಾ ವಿನ್ಯಾ ಹೋಟೆಲಿನಲ್ಲಿ ಸಾಂಟಿಯಾಗೊ ರಿವೇರಾ ರೂಪಿಸಿದರು. ಬಣ್ಣದ ಗುಟ್ಟು ಮಾತ್ರ ಹಳೆಯದು. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್, ಸಕ್ಕರೆ ಮತ್ತು ಅಮೈನೋ ಆಮ್ಲಗಳನ್ನು ಒಟ್ಟಿಗೆ ಕಾಯಿಸಿದರೆ ಕಂದಾಗುತ್ತದೆ ಅಂತ ತೋರಿಸಿದ. ಇಲ್ಲಿ ಚೀಸಿನ ಪ್ರೋಟೀನೂ ಹಾಲಿನ ಸಕ್ಕರೆಯೂ ಸೇರಿ ಅದೇ ಕೆಲಸ ಮಾಡುತ್ತವೆ. ಅದು ಜೋರಾಗಿ ನಡೆಯಲು ಸುಮಾರು 140 ಡಿಗ್ರಿ ಬೇಕು, ಅಂದರೆ ಮೇಲ್ಮೈಯ ನೀರು ಮೊದಲು ಒಣಗಬೇಕು. ಒಳಗಿನ ಕಥೆಯೇ ಬೇರೆ. ನಡುಭಾಗ 65ರಿಂದ 70 ಡಿಗ್ರಿಗೆ ಬಂದರೆ ಸಾಕು, ಮೊಟ್ಟೆ ಮೆತ್ತಗೆ ಹಿಡಿದುಕೊಳ್ಳುತ್ತದೆ. ತುಂಬಾ ಮೇಲೆ ಹೋದರೆ ಪ್ರೋಟೀನು ಬಿಗಿದುಕೊಂಡು ನೀರು ಬಿಡುತ್ತದೆ, ಒಡೆದ ಹಾಲಿನ ಹಾಗೆ. ಒಂದೇ ಕೇಕಿನಲ್ಲಿ ಎರಡು ಹವಾಮಾನ ಬೇಕು, ಅಲ್ವಾ?

ದೊಡ್ಡ ಕೇಕಿನಲ್ಲಿ ಇದು ತಾನಾಗಿಯೇ ಆಗುತ್ತದೆ, ಶಾಖ ಅಂಚಿನಿಂದ ನಡುವಿಗೆ ಹೋಗುವಷ್ಟರಲ್ಲಿ ಮೇಲ್ಭಾಗ ಕಪ್ಪಾಗಿರುತ್ತದೆ. ಕಷ್ಟ ಇರುವುದು ಒಬ್ಬೊಬ್ಬರಿಗೆ ಒಂದೊಂದರಂತೆ ಮಾಡುವ ಪುಟ್ಟ ಕೇಕಿನಲ್ಲಿ. ಇಲ್ಲಿ ಎಲ್ಲರೂ "ಸಣ್ಣದು, ಉರಿ ಕಡಿಮೆ ಮಾಡು" ಅನ್ನುತ್ತಾರೆ. ಪೂರ್ತಿ ತಪ್ಪು!

ಯಾಕೆ ಅಂದರೆ ಫ್ರಾನ್ಸಿನ ಗಣಿತಜ್ಞ ಫೂರಿಯೇ. ನೆಪೋಲಿಯನ್ ಜೊತೆ ಈಜಿಪ್ಟಿಗೆ ಹೋಗಿ ಬಂದು, ಆಮೇಲೆ ಗ್ರೆನೋಬಲ್‌ನಲ್ಲಿ ಆಡಳಿತ ನೋಡಿಕೊಳ್ಳುತ್ತಲೇ ಶಾಖ ಘನವಸ್ತುವಿನೊಳಗೆ ಹೇಗೆ ಹರಿಯುತ್ತದೆ ಅಂತ ತಲೆ ಕೆಡಿಸಿಕೊಂಡವನು ಈತ. 1822ರಲ್ಲಿ ಅದರ ಪುಸ್ತಕವೇ ಬಂತು. ಅವನ ಸಮೀಕರಣದಿಂದ ಹೊರಡುವ ಒಂದು ಮಾತು ನನಗೆ ಬಹಳ ಇಷ್ಟ: ಶಾಖ ಒಳಗೆ ತಲುಪುವ ಸಮಯ ದೂರದ ವರ್ಗದಂತೆ ಬದಲಾಗುತ್ತದೆ. ಅಳತೆ ಅರ್ಧ ಮಾಡಿದರೆ ಸಮಯ ಕಾಲು ಭಾಗ. ಮೂರನೇ ಒಂದಾದರೆ ಒಂಬತ್ತನೇ ಒಂದು! ಓವನ್ನಿನ ಗಾಳಿ ನಿಧಾನವಾಗಿ ಶಾಖ ಕೊಡುವುದರಿಂದ ಅಡುಗೆಮನೆಯಲ್ಲಿ ಇಷ್ಟು ತೀವ್ರವಾಗಿ ಕಾಣದು, ಆದರೂ ದಿಕ್ಕು ಅದೇ. ಮೇಲ್ಮೈ ಕಪ್ಪಾಗಲು ಬೇಕಾದ ಸಮಯ ಮಾತ್ರ ಅಳತೆಯೊಂದಿಗೆ ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ಉರಿ ತಗ್ಗಿಸಿದರೆ ನಡು ಮೊದಲು ಬೆಂದು ಗಟ್ಟಿಯಾಗುತ್ತದೆ, ಮೇಲೆ ಇನ್ನೂ ಬಿಳಿಚಿಕೊಂಡೇ ಇರುತ್ತದೆ.

ಉಪಾಯ ಎರಡು. ಓಟಿಜಿಯನ್ನು (ಮನೆಯ ಪುಟ್ಟ ವಿದ್ಯುತ್ ಓವನ್) 230 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ರಾಡ್ ಎರಡೂ ಹಾಕಿ, ಮೊದಲೇ 20 ನಿಮಿಷವಾದರೂ ಕಾಯಿಸಿ. ಮತ್ತೆ ಹಿಟ್ಟನ್ನು ಅಚ್ಚಿಗೆ ಸುರಿದ ಮೇಲೆ ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾಗಿಸಿ, ನಡುವಿಗೆ ಬಿಸಿ ತಲುಪುವುದು ತಡವಾಗಲಿ. ಕಲಸುವಾಗ ಚೀಸ್ ಮೆತ್ತಗಿರಬೇಕು, ಇಲ್ಲದಿದ್ದರೆ ಗಂಟು. ಆರು ಮಫಿನ್ ಅಚ್ಚಿಗೆ 250 ಗ್ರಾಂ ಕ್ರೀಮ್ ಚೀಸ್, 75 ಗ್ರಾಂ ಸಕ್ಕರೆ, ಎರಡು ಮೊಟ್ಟೆ, 120 ಮಿಲಿ ಕ್ರೀಮ್, ಒಂದು ಟೀ ಚಮಚ ಮೈದಾ. ಅಮುಲ್ ಫ್ರೆಶ್ ಕ್ರೀಮಿನಲ್ಲಿ 25% ಕೊಬ್ಬು ಇರುತ್ತದೆ, ನಡೆಯುತ್ತದೆ. ಕೇಕ್ ಉಬ್ಬುವುದರಿಂದ ಬಟರ್ ಪೇಪರ್ ಅಚ್ಚಿಗಿಂತ ಎರಡು ಬೆರಳು ಎತ್ತರ ಇರಲಿ. ಮೇಲಿನ ತಟ್ಟೆಯಲ್ಲಿ 15 ನಿಮಿಷದ ಹೊತ್ತಿಗೆ ನೋಡಿ. ಅಲ್ಲಾಡಿಸಿದರೆ ನಡು ಅಲುಗಬೇಕು. ಅಲುಗಿದರೆ ಹಸಿ ಅಂತಲ್ಲ, ಹೊರಗೆ ತೆಗೆದ ಮೇಲೂ ಅಂಚಿನ ಶಾಖ ಒಳಗೆ ಹರಿಯುತ್ತಲೇ ಇರುತ್ತದೆ.

ಮೇಲಿನ ಉರಿಯಿಂದಲೇ ಕಂದು ತರಿಸುವ ಜಾಣತನ ಗೋವಾದವರಿಗೆ ಹೊಸದಲ್ಲ. ಬೆಬಿಂಕಾ ಅನ್ನುವ ಪದರಪದರದ ಸಿಹಿತಿಂಡಿಯ ಪ್ರತಿ ಪದರವನ್ನೂ ಅವರು ಮುಚ್ಚಳದ ಮೇಲೆ ಕೆಂಡ ಇಟ್ಟು ಹಾಗೆಯೇ ಬೇಯಿಸುತ್ತಿದ್ದರು.

ಮೊಟ್ಟೆ ತಿನ್ನದ ಪಕ್ಕದ ಮನೆಯವರಿಗೆ ಕಾರ್ನ್‌ಫ್ಲೋರ್ ಜಾಸ್ತಿ ಹಾಕಿ ಮಾಡಬಹುದು. ಆದರೆ ಪಿಷ್ಟ ಚೆನ್ನಾಗಿ ಗಟ್ಟಿಯಾಗಲು ಮೊಟ್ಟೆಗಿಂತ ಜಾಸ್ತಿ ಶಾಖ ಬೇಕು, ಆದ್ದರಿಂದ ಆ ಕೇಕನ್ನು ಇನ್ನೂ ಕೆಲವು ನಿಮಿಷ ಒಳಗೇ ಬಿಡಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟ ಮೇಲೆಯೇ ಕತ್ತರಿಸಿ.