ಪ್ರಶಸ್ತಿ ಬಂತು, ಸಿನಿಮಾ ಯಾಕೆ ಬರಲಿಲ್ಲ?

ಪ್ರಶ್ನೆ: ಕನ್ನಡ ಸಿನಿಮಾಗೆ ವಿದೇಶದ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು ಅಂತ ಪೇಪರಿನಲ್ಲಿ ಓದುತ್ತೇವೆ. ಆಮೇಲೆ ಅದು ಚಿಕ್ಕಮಗಳೂರಿನ ಟಾಕೀಸಿಗೂ ಬರುವುದಿಲ್ಲ, ಓಟಿಟಿಯಲ್ಲೂ ಸಿಗುವುದಿಲ್ಲ. ಯಾಕೆ ಹೀಗೆ?

ಇದನ್ನು ಕೇಳಿದವರು ಮೂಡಿಗೆರೆ ಕಡೆಯ ಓದುಗರೊಬ್ಬರು. ನಮ್ಮ ಭಾವ ಕೂಡ ವರ್ಷಕ್ಕೆ ಎರಡು ಸಲವಾದರೂ ಇದನ್ನೇ ಕೇಳುತ್ತಾರೆ, ಅದೂ ನಾನೇ ಆ ಸಿನಿಮಾವನ್ನು ಬಚ್ಚಿಟ್ಟುಕೊಂಡಿದ್ದೇನೆ ಅನ್ನುವ ಹಾಗೆ.

ಸಿನಿಮಾ ಕಳೆದುಹೋಗಿರುವುದಿಲ್ಲ. ಸರದಿಯಲ್ಲಿ ಕಾಯುತ್ತಿರುತ್ತದೆ. ಚಿತ್ರೋತ್ಸವ, ಟಾಕೀಸು, ಓಟಿಟಿ, ಈ ಮೂವರಿಗೂ ‘ಮೊದಲು ನಮ್ಮಲ್ಲಿ’ ಅನ್ನುವ ಹಟ. ಕ್ಯಾನ್, ವೆನಿಸ್ ಥರದ ದೊಡ್ಡ ಉತ್ಸವಗಳ ಸ್ಪರ್ಧೆಗೆ ಹೋಗಬೇಕಾದರೆ ಸಿನಿಮಾವನ್ನು ಸಾಮಾನ್ಯವಾಗಿ ಅದಕ್ಕೂ ಮೊದಲು ಇನ್ನೊಂದು ಅಂತರರಾಷ್ಟ್ರೀಯ ಉತ್ಸವದಲ್ಲಿ ತೋರಿಸಿರಬಾರದು. ಇಂಟರ್ನೆಟ್ಟಿನಲ್ಲಿ ಬಂದಿದ್ದರಂತೂ ಮುಗಿಯಿತು. ಹೊಸ ಸೀರೆಯ ಮಡಿಕೆ ಮುರಿದ ಹಾಗೆ, ಒಂದೇ ಸಲ ಆಗುವ ಕೆಲಸ ಅದು. ಅಲ್ಲಿ ತೋರಿಸಿದ ಮೇಲೂ ಬೇರೆ ಬೇರೆ ದೇಶದ ಉತ್ಸವಗಳು ಕರೆಯುತ್ತವೆ. ಆ ಸುತ್ತು ಮುಗಿಯುವವರೆಗೆ ನಿರ್ಮಾಪಕರು ಬಿಡುಗಡೆಗೆ ಕೈ ಹಾಕುವುದಿಲ್ಲ.

‘ಶಿವಮ್ಮ’ ಸಿನಿಮಾನೇ ನೋಡಿ. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರಲ್ಲಿ ಶಾಲೆಗೆ ಬಿಸಿಯೂಟ ಮಾಡುವ ಹೆಂಗಸಿನ ಕಥೆ. 2022ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಟಾಕೀಸಿಗೆ ಬಂದಿದ್ದು 2024ರ ಜೂನ್ 14ಕ್ಕೆ. ಇಪ್ಪತ್ತು ತಿಂಗಳು! ‘ತಿಥಿ’ ಅದೃಷ್ಟವಂತ ಸಿನಿಮಾ. 2015ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಗೆದ್ದು, ಮರುವರ್ಷ ಮೇ ತಿಂಗಳಿಗೆ ತೆರೆಕಂಡಿತ್ತು. ಆ ಬಿಸಿ ಆರಿರಲಿಲ್ಲ.

ಇನ್ನು ಟಾಕೀಸು. ಅಸಲಿ ತಕರಾರು ಇರುವುದು ಇಲ್ಲೇ.

ಒಂದು ಮಳೆಗಾಲದ ಶನಿವಾರ ನಾನೂ ಭಾವನೂ ಇಂಥದ್ದೇ ಒಂದು ಸಿನಿಮಾಗೆ ಹೋಗಿದ್ದೆವು. ಯಾವ ಟಾಕೀಸು ಅಂತ ಬೇಡ. ಕೌಂಟರಿನಲ್ಲಿದ್ದವರು ದುಡ್ಡು ತಗೊಳ್ಳಲಿಲ್ಲ. ‘ಹದಿನೈದು ಜನ ಆದ್ರೆ ಶೋ ಹಾಕ್ತೀವಿ ಸಾರ್, ಕೂತಿರಿ’ ಅಂದರು. ನಾವು ಒಂಬತ್ತು ಜನ ಇದ್ದೆವು. ಶೀಟಿನ ಮಾಡಿನಡಿ ನಿಂತು ಫೋನ್ ಮಾಡಲು ಶುರು ಮಾಡಿದೆವು. ಭಾವ ತಮ್ಮ ಹಳೇ ಕ್ಲಾಸ್‌ಮೇಟ್ ಒಬ್ಬರನ್ನು ಹೆಂಡತಿ ಮಕ್ಕಳ ಸಮೇತ ಕರೆಸಿದರು. ಹದಿಮೂರಾಯಿತು. ಕೊನೆಗೆ ಇಬ್ಬರ ಟಿಕೆಟ್ ನಾವೇ ಜಾಸ್ತಿ ತೆಗೆದುಕೊಂಡ ಮೇಲೆ ಪರದೆ ಬೆಳಗಿತು. ಸೋಮವಾರದ ಹೊತ್ತಿಗೆ ಆ ಸಿನಿಮಾ ಎತ್ತಂಗಡಿ ಆಗಿತ್ತು.

ಆಗ ನನಗೆ ಸಿಟ್ಟು ಬಂದಿದ್ದು ಹೌದು. ಆದರೆ ಅವರ ಲೆಕ್ಕವೂ ಸುಳ್ಳಲ್ಲ. ಪ್ರೊಜೆಕ್ಟರ್ ದೀಪ, ಕರೆಂಟು, ಸಂಬಳ ಇವೆಲ್ಲ ಹತ್ತು ಜನಕ್ಕೂ ಅಷ್ಟೇ, ಮುನ್ನೂರು ಜನಕ್ಕೂ ಅಷ್ಟೇ. ನಿರ್ಮಾಪಕರ ಕಷ್ಟ ಇನ್ನೊಂದು ಥರ. ನಮ್ಮ ಕಡೆಯ ಸಿಂಗಲ್ ಸ್ಕ್ರೀನ್‌ಗಳಲ್ಲಿ ಚಿಕ್ಕ ಸಿನಿಮಾ ಹಾಕಬೇಕಾದರೆ ಸಾಮಾನ್ಯವಾಗಿ ಅವರೇ ವಾರದ ಬಾಡಿಗೆ ಕಟ್ಟಬೇಕು. ಸಿನಿಮಾವನ್ನು ಟಾಕೀಸಿನ ಪರದೆಗೆ ತಲುಪಿಸುವ ಕ್ಯೂಬ್, ಯುಎಫ್ಓ ಥರದ ಡಿಜಿಟಲ್ ಕಂಪನಿಗಳಿಗೆ ಪ್ರತಿ ಪರದೆಯ ಲೆಕ್ಕದಲ್ಲಿ ಶುಲ್ಕ ಬೇರೆ. ಪೋಸ್ಟರು, ಪ್ರಚಾರ ಅಂತ ಕೈಬಿಟ್ಟು ಹೋಗುವುದು ಎಷ್ಟೋ. ಹೀಗಿರುವಾಗ ಬೆಂಗಳೂರು, ಮೈಸೂರಿನ ನಾಲ್ಕಾರು ಮಲ್ಟಿಪ್ಲೆಕ್ಸ್‌ಗಳಲ್ಲಿ ಹಾಕಿ ಸುಮ್ಮನಾಗುತ್ತಾರೆ. ಅಲ್ಲಿ ಬಾಡಿಗೆ ಇಲ್ಲ, ಬಂದ ಕಲೆಕ್ಷನ್ನಿನಲ್ಲಿ ಪಾಲು. ಘಟ್ಟದ ಮೇಲಿನ ನಮ್ಮಂಥ ಊರು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ನೇರವಾಗಿ ಓಟಿಟಿಗೆ ಕೊಡಬಹುದಲ್ವಾ? 2020ರಲ್ಲಿ ಕೊಟ್ಟಿದ್ದರು. ಲಾಕ್‌ಡೌನಿನ ಆ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ ಎರಡೂ ಟಾಕೀಸು ಮುಟ್ಟದೆ ಅಮೆಜಾನ್ ಪ್ರೈಮಿಗೆ ಬಂದವು. ಈಗ ಆ ಬಾಗಿಲು ಅಷ್ಟು ಸುಲಭಕ್ಕೆ ತೆಗೆಯುವುದಿಲ್ಲ. ಟಾಕೀಸಿನಲ್ಲಿ ಎಷ್ಟು ಓಡಿತು ಅಂತ ಮೊದಲು ಕೇಳುತ್ತಾರೆ. ಓಡಿಲ್ಲ ಅಂದರೆ ಒಟ್ಟಿಗೆ ದುಡ್ಡು ಕೊಡುವ ಮಾತಿಲ್ಲ, ಜನ ನೋಡಿದಷ್ಟಕ್ಕೆ ಪಾಲು ಅನ್ನುತ್ತಾರೆ. ಹೆಸರಿದ್ದವರಿಗೂ ಇದೇ ಪಾಡು. ರಕ್ಷಿತ್ ಶೆಟ್ಟಿ ಬೆನ್ನಿಗಿದ್ದ ‘ಏಕಂ’ ಸರಣಿಯನ್ನು ಯಾವ ಓಟಿಟಿಯೂ ತೆಗೆದುಕೊಳ್ಳದೆ, 2024ರ ಜುಲೈನಲ್ಲಿ ಅವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಟ್ಟರು.

ಓಡುವ ಸಿನಿಮಾಗಳಲ್ಲಿ ಜಗಳ ಇನ್ನೊಂದು: ಟಾಕೀಸಿಗೂ ಓಟಿಟಿಗೂ ನಡುವೆ ಎಷ್ಟು ವಾರ ಬಿಡಬೇಕು? ‘ಕಾಂತಾರ ಚಾಪ್ಟರ್ 1’ ಬಂದಿದ್ದು 2025ರ ಅಕ್ಟೋಬರ್ 2ಕ್ಕೆ. ಅದೇ ತಿಂಗಳ 31ಕ್ಕೆ ಕನ್ನಡ ಮತ್ತಿತರ ದಕ್ಷಿಣದ ಭಾಷೆಗಳಲ್ಲಿ ಪ್ರೈಮಿನಲ್ಲಿತ್ತು. ಹಿಂದಿಯದ್ದು ಮಾತ್ರ ಎಂಟು ವಾರ ಕಾಯಿತು. ಯಾಕೆಂದರೆ ಹಿಂದಿ ಸಿನಿಮಾ ಎಂಟು ವಾರ ಓಟಿಟಿಗೆ ಹೋಗಬಾರದು ಅಂತ ದೊಡ್ಡ ಮಲ್ಟಿಪ್ಲೆಕ್ಸ್‌ಗಳು ಪಟ್ಟು ಹಿಡಿದಿವೆ. ಕೇರಳದಲ್ಲಂತೂ ‘2018’ ಅನ್ನುವ ಮಲಯಾಳಂ ಸಿನಿಮಾ ಬೇಗ ಓಟಿಟಿಗೆ ಹೋಯಿತು ಅಂತ 2023ರ ಜೂನ್ 7 ಮತ್ತು 8ರಂದು ಟಾಕೀಸುಗಳೇ ಬಾಗಿಲು ಹಾಕಿ ಪ್ರತಿಭಟಿಸಿದವು.

ಈ ಜಗಳ ಉತ್ಸವದ ಅಂಗಳಕ್ಕೆ ಬಂದಿದ್ದು 2017ರಲ್ಲಿ, ಫ್ರಾನ್ಸಿನ ಕ್ಯಾನ್‌ನಲ್ಲಿ. ನೆಟ್‌ಫ್ಲಿಕ್ಸ್‌ನ ಎರಡು ಸಿನಿಮಾ ಸ್ಪರ್ಧೆಯಲ್ಲಿದ್ದವು. ‘ಓಕ್ಜಾ’ ತೋರಿಸುವಾಗ ತೆರೆಯ ಮೇಲೆ ಕಂಪನಿ ಹೆಸರು ಬಂದದ್ದೇ ತಡ, ಕೆಲವರು ಹುಯ್ಯಲೆಬ್ಬಿಸಿದರು. ಅಲ್ಲಿನ ಟಾಕೀಸಿನವರ ವಾದ ಇಷ್ಟೇ: ನಮ್ಮ ಪ್ರತಿ ಟಿಕೆಟ್ಟಿನ ಒಂದು ಪಾಲು ಹೊಸ ಸಿನಿಮಾ ಮಾಡುವವರ ನೆರವಿಗೆ ಹೋಗುತ್ತದೆ, ಟಾಕೀಸಿಗೇ ಬರದ ಸಿನಿಮಾಗೆ ಇಲ್ಲೇನು ಕೆಲಸ? ಆಗ ಅಲ್ಲಿ ಟಾಕೀಸಿಗೆ ಬಂದ ಸಿನಿಮಾ ಇಂಥ ಓಟಿಟಿಗೆ ಹೋಗಲು 36 ತಿಂಗಳು ಕಾಯಬೇಕಿತ್ತು. 2022ರಲ್ಲಿ ನೆಟ್‌ಫ್ಲಿಕ್ಸಿಗೆ ಅದು 15ಕ್ಕೆ ಇಳಿಯಿತು. ಫ್ರಾನ್ಸಿನ ಟಾಕೀಸಿನಲ್ಲಿ ಬಿಡುಗಡೆ ಆಗದಿದ್ದರೆ ಸ್ಪರ್ಧೆಗಿಲ್ಲ ಅಂತ ಕ್ಯಾನ್ 2018ರಿಂದ ನಿಯಮ ಮಾಡಿತು. ಅದೇ ವರ್ಷ ವೆನಿಸ್ ನೆಟ್‌ಫ್ಲಿಕ್ಸ್‌ನ ‘ರೋಮಾ’ಗೆ ದೊಡ್ಡ ಪ್ರಶಸ್ತಿಯನ್ನೇ ಕೊಟ್ಟಿತು! ನನಗೆ ಕೇಳಿದರೆ ಕ್ಯಾನ್ ಮಾಡಿದ್ದು ಅವರ ಊರಿಗೆ ಸರಿ. ಟಿಕೆಟ್ ದುಡ್ಡು ಸಿನಿಮಾಗೇ ವಾಪಸ್ ಬರುವ ಜಾಗ ಅದು. ನಮ್ಮಲ್ಲಿ ಅದೇ ನಿಯಮ ತಂದರೆ ಚಿಕ್ಕ ಸಿನಿಮಾದ ಮೇಲೆ ಇನ್ನೊಂದು ಬಾಡಿಗೆ ಹೊರಿಸಿದ ಹಾಗೆ ಅಷ್ಟೇ.

ಎಲ್ಲ ಕೂಡಿಬಂದರೆ ಹೇಗಿರುತ್ತದೆ ಅಂದರೆ, ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ 2024ರ ಮೇ ತಿಂಗಳಲ್ಲಿ ಕ್ಯಾನ್‌ನಲ್ಲಿ ಗೆದ್ದು, ನವೆಂಬರಿನಲ್ಲಿ ದೇಶದ ಟಾಕೀಸುಗಳಿಗೆ ಬಂದು, ಜನವರಿಗೆ ಹಾಟ್‌ಸ್ಟಾರ್ ಸೇರಿತು. ಇದು ಅಪರೂಪ.

ಕದ್ದ ಕಾಪಿ ಟೆಲಿಗ್ರಾಂನಲ್ಲಿ ಸಿಗುತ್ತಲ್ಲ ಅಂತ ಕೆಲವರು ಕೇಳುತ್ತಾರೆ. ದೊಡ್ಡ ಸಿನಿಮಾ ಆ ಏಟು ತಾಳಿಕೊಳ್ಳುತ್ತದೆ. ಚಿಕ್ಕದಕ್ಕೆ ಮಾರಲು ಉಳಿದಿರುವುದೇ ಯಾರೂ ನೋಡಿಲ್ಲ ಅನ್ನುವ ಒಂದು ಮಾತು, ಅದೂ ಹೋಗುತ್ತದೆ.

ನಾವೇನು ಮಾಡಬಹುದು? ಪಕ್ಕದ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಮ್‌ನವರು 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿ ಜನಕ್ಕೆ ಜಗತ್ತಿನ ಸಿನಿಮಾ ತೋರಿಸಿದರು. ಇವತ್ತೂ ನಿರ್ಮಾಪಕರನ್ನು ಕೇಳಿ, ಒಪ್ಪಿದ ದುಡ್ಡು ಕೊಟ್ಟು, ಕಾಲೇಜು ಹಾಲಿನಲ್ಲಿ ಒಂದು ಶೋ ಹಾಕಿಸಬಹುದು. ಇಲ್ಲಿನ ಟಾಕೀಸಿಗೇ ಬಂದರೆ ಭಾನುವಾರಕ್ಕೆ ಕಾಯಬೇಡಿ. ಗುರುವಾರ ರಾತ್ರಿಯೇ ಶುಕ್ರವಾರದ ಟಿಕೆಟ್ ತೆಗೆಯಿರಿ. ಮ್ಯಾನೇಜರು ನೋಡುವುದು ಮೊದಲ ಮೂರು ದಿನದ ಕಲೆಕ್ಷನ್ ಮಾತ್ರ.

ಭಾವ ಇದನ್ನು ಸೀರಿಯಸ್ಸಾಗಿ ತಗೊಂಡು ಹದಿನೈದು ಜನರ ವಾಟ್ಸಾಪ್ ಗ್ರೂಪ್ ಮಾಡಿದ್ದಾರೆ. ಹೆಸರು ‘ಶೋ ಹಾಕಿ ಸಾರ್’. ಸದ್ಯಕ್ಕೆ ಅದರಲ್ಲಿ ಕಾಫಿ ರೇಟು, ಯಾರ ತೋಟಕ್ಕೆ ಎಷ್ಟು ಇಂಚು ಮಳೆ, ಇವೇ ಬರುತ್ತಿವೆ.