ಎಲೆ ಮೇಲಕ್ಕೆ ಮುದುರಿದೆಯಾ, ಕೆಳಕ್ಕಾ?

ಹೋದ ಸಲ ಕುರುಗೋಡು ಕಡೆ ಮಾವನ ಊರಿಗೆ ಹೋದಾಗ ಅವರು ಹೊಲದ ಬದುವಿನ ಮೇಲೆ ಕೂತು ಮೊಬೈಲ್ ಉಜ್ಜುತ್ತಿದ್ದರು. ಮೆಣಸಿನ ಗಿಡದ ಎಲೆ ಮುದುರಿತ್ತು. ಗೂಗಲ್‌ನಲ್ಲಿ ಬರೆದಿದ್ದು ಇಷ್ಟು: 'ಮೆಣಸಿನ ಗಿಡಕ್ಕೆ ರೋಗ ಬಂದಿದೆ ಏನು ಮಾಡಬೇಕು'.

"ಅರ್ಧ ತಾಸಾತು ನೋಡಪ್ಪ, ಬರೀ ಔಷಧ ಮಾರೋರ ವಿಡಿಯೋನೇ ಬರ್ತಾವೆ" ಅಂದರು.

"ಎಲೆ ಮೇಲಕ್ಕೆ ಮುದುರಿದೆಯಾ ಮಾವ, ಕೆಳಕ್ಕಾ?"

ಎದ್ದು ಹೋಗಿ ನೋಡಿದರು. ಅಂಚು ಮೇಲಕ್ಕೆದ್ದು ಎಲೆ ದೋಣಿಯ ಹಾಗಾಗಿತ್ತು. 'ಮೆಣಸಿನಕಾಯಿ ಎಲೆ ಮುಟುರು ಮೇಲ್ಮುಖ' ಅಂತ ಬರೆದೆವು. ಥ್ರಿಪ್ಸ್ ಎಂಬ ಸಣ್ಣ ಕೀಟ ರಸ ಹೀರಿದರೆ ಎಲೆ ಮೇಲ್ಮುಖವಾಗಿ ಮುದುರುತ್ತದೆ, ನುಸಿ ಹತ್ತಿದರೆ ಕೆಳಮುಖವಾಗಿ ಎಂದು ಬಿಡಿಸಿ ಹೇಳುವ ಪುಟ ಎರಡೇ ನಿಮಿಷದಲ್ಲಿ ಸಿಕ್ಕಿತು. ಬಿಳಿನೊಣ ಹರಡುವ ವೈರಸ್ಸಿನಿಂದಲೂ ಮುಟುರು ಬರುತ್ತದೆ, ಅದರ ಕಥೆಯೇ ಬೇರೆ.

ಮೊಬೈಲ್ ಅದೇ, ನೆಟ್ ಅದೇ. ಬದಲಾಗಿದ್ದು ಪದ. ನಾವು ಕೇಳಿದ ಮೇಲೆ ಗೂಗಲ್ ಜಗತ್ತಿನ ಪುಟಗಳನ್ನೆಲ್ಲ ಓದಲು ಹೊರಡುವುದಿಲ್ಲ. ಮೊದಲೇ ಓದಿ, ಯಾವ ಪದ ಯಾವ್ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿಟ್ಟಿರುತ್ತದೆ, ದಪ್ಪ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ. 'ಗಿಡ', 'ರೋಗ' ಇವುಗಳ ಪಟ್ಟಿ ಮೈಲುದ್ದ. 'ಮುಟುರು' ಪಟ್ಟಿ ಗೇಣುದ್ದ. ಕೇಂಬ್ರಿಜ್‌ನ ಕಂಪ್ಯೂಟರ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ಹೇಳಿದ್ದರು: ಒಂದು ಪದ ಎಷ್ಟು ಕಡಿಮೆ ಬರಹಗಳಲ್ಲಿ ಸಿಗುತ್ತದೋ, ಹುಡುಕುವಾಗ ಅದಕ್ಕೆ ಅಷ್ಟು ಜಾಸ್ತಿ ತೂಕ ಕೊಡಬೇಕು. ಈಗಿನ ಗೂಗಲ್ ಅರ್ಥವನ್ನೂ ಊಹಿಸುತ್ತದೆ, ನಿಜ. ಆದರೂ ಅಪರೂಪದ ಪದದ ಬೆಲೆ ಇಳಿದಿಲ್ಲ.

ಇನ್ನೊಂದು ತಮಾಷೆ ನಮ್ಮೂರಿನ ಹೆಸರಿನದು. ಇಂಗ್ಲಿಷ್ ಸ್ಪೆಲಿಂಗ್ 'ಬೆಲ್ಲಾರಿ' ಹೋಗಿ 'ಬಳ್ಳಾರಿ' ಆಗಿದ್ದು 2014ರ ನವೆಂಬರ್ 1ರಂದು. ಹಳೆಯ ಕಡತಗಳಿಗೆ ಅದು ಗೊತ್ತಿಲ್ಲವಲ್ಲ! ಮುತ್ತಜ್ಜನ ಕಾಲದ ಬರಗಾಲದ ವರದಿ ಬೇಕಿದ್ದರೆ ಹಳೆಯ ಸ್ಪೆಲಿಂಗ್ ಹಾಕಿ, ಜೊತೆಗೆ 'ಮದ್ರಾಸ್' ಸೇರಿಸಬೇಕು. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ನಾವು ಮದ್ರಾಸಿನವರು. ರಾಯಚೂರು, ಕೊಪ್ಪಳದವರು 'ಹೈದರಾಬಾದ್' ಸೇರಿಸಿ ನೋಡಿ. 1956ರವರೆಗೆ ಆ ಕಡೆಯವರು ಹೈದರಾಬಾದಿಗೆ ಸೇರಿದ್ದರು. ಹಳೆಯ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಇಡುವುದು ಒಳ್ಳೆಯದು. ಇಲ್ಲದಿದ್ದರೆ ಗೂಗಲ್ ಬುದ್ಧಿವಂತಿಕೆ ತೋರಿಸಲು ಹೋಗಿ ಹೊಸ ಸ್ಪೆಲಿಂಗಿನ ಪುಟಗಳನ್ನೂ ತಂದು ಸುರಿಯುತ್ತದೆ.

ನನ್ನ ಟೈಮ್ ಮಾತ್ರ ಜಾಸ್ತಿ ಹಾಳಾಗಿರುವುದು ಕೆಲಸಕ್ಕೆ ಬಾರದ ಪುಟವನ್ನು 'ಇನ್ನೇನು ಬರುತ್ತೆ' ಅಂತ ಓದುತ್ತಾ ಕೂತು. ನಮ್ಮ ಕಡೆಯ ಕುರಿಗಾರರು ಹಾಗೆ ಕೂರುವುದಿಲ್ಲ. ಮೇವು ತೆಳ್ಳಗಾಗುತ್ತಿದ್ದಂತೆ ಮಂದೆ ಎಬ್ಬಿಸುತ್ತಾರೆ, ನೆಲ ಬೋಳಾಗುವವರೆಗೆ ಕಾಯುವುದಿಲ್ಲ. ಎರಿಕ್ ಚಾರ್ನೋವ್ ಎಂಬ ಜೀವವಿಜ್ಞಾನಿ 1976ರಲ್ಲಿ ಮೇಯುವ ಪ್ರಾಣಿಗಳಿಗೆ ಇಂಥದ್ದೇ ಒಂದು ಲೆಕ್ಕ ಕೊಟ್ಟರು. ಮುಂದಿನ ಮೇವು ದೂರವಿದ್ದರೆ ಇಲ್ಲೇ ಇನ್ನಷ್ಟು ಹೊತ್ತು ಮೇಯಬೇಕು, ಹತ್ತಿರವಿದ್ದರೆ ಬೇಗ ಹೊರಡಬೇಕು. 1990ರ ದಶಕದಲ್ಲಿ ಪೀಟರ್ ಪಿರೋಲಿ ಮತ್ತು ಸ್ಟುವರ್ಟ್ ಕಾರ್ಡ್ ಎಂಬ ಸಂಶೋಧಕರು ಈ ಲೆಕ್ಕವನ್ನು ಮಾಹಿತಿ ಹುಡುಕುವ ಮನುಷ್ಯರಿಗೆ ಹಚ್ಚಿ ನೋಡಿದರು. ಲಿಂಕಿನ ಶೀರ್ಷಿಕೆ, ಅದರ ಕೆಳಗಿನ ಎರಡು ಸಾಲು ನಮಗೆ ಒಳಗೇನಿದೆ ಎಂಬ 'ವಾಸನೆ' ಕೊಡುತ್ತವೆ ಅಂದರು. ಮೊಬೈಲಿನಲ್ಲಿ ಮುಂದಿನ ಮೇವು ಎಷ್ಟು ದೂರ? ಒಂದು ಬೆರಳು. ವಾಸನೆ ಬರಲಿಲ್ಲವೋ, ಎದ್ದು ನಡೆಯುವುದೇ.

ಮಾವನಿಗೆ ಕುರಿಯ ಲೆಕ್ಕ ಥಟ್ಟನೆ ಹತ್ತಿತು. "ಹಂಗಾದ್ರೆ ಆ ಔಷಧದೋನ ವಿಡಿಯೋ ಹದಿನಾರು ನಿಮಿಷ ಯಾಕ್ ನೋಡ್ದೆ ನಾನು?" ಅಂತ ತಮಗೇ ಬೈದುಕೊಂಡರು. ಆಮೇಲೆ ಮುದುರಿದ ಎಲೆ ನಾಲ್ಕು ಕಿತ್ತು, ಕವರಿಗೆ ಹಾಕಿಕೊಂಡು ರೈತ ಸಂಪರ್ಕ ಕೇಂದ್ರದ ಕಡೆ ಗಾಡಿ ತಿರುಗಿಸಿದರು.